ಗಾಳೆಮ್ಮನ ಪ್ರಾರ್ಥನೆ

ಅಯ್ಯಪ್ಪ ಹಾರೆ ಎತ್ತಿ ಇನ್ನೇನು ನೆಲಕ್ಕೆ ಹಾಕಬೇಕು, ಅಷ್ಟರಲ್ಲಿ ಪಕೀರಪ್ಪ ಓಡಿಬಂದು ಅದರ ನಡುವಿಗೇ ಕೈ ಹಾಕಿ ಹಿಡಿದ.

"ಇಲ್ಲಲ್ಲೋ ಮಾರಾಯ. ಬೇಲಿ ಹೊರಗ ತೋಡು."

"ಯಾಕ? ನಮ್ಮಕ್ಕ ಏನು ದನಾನ, ಹೊರಗ ಹುಗಿಯಾಕ?"

"ನನ್ನ ಮ್ಯಾಲ ಯಾಕ ಸಿಟ್ಟಾಗ್ತೀ? ಸಭಾದ ಕಟ್ಟಳೆ ಐತಿ. ಕರ್ತನ ಭೋಜನದಿಂದ ನಿಲ್ಲಿಸಿದವರಿಗೆ ಒಳಗ ಜಾಗ ಇಲ್ಲ. ನಮ್ಮಪ್ಪನ ಕಾಲದಿಂದ ಹಂಗ ಬಂದೈತಿ."

ಮಸ್ಕಿಯ ಕ್ರೈಸ್ತ ಕೇರಿಯವರಿಗೆ ಗುಡ್ಡದ ಹಿಂದೆ ಅರ್ಧ ಎಕರೆ ಎರೆಭೂಮಿ ಇತ್ತು. ಸುತ್ತ ಜಾಲಿಮುಳ್ಳಿನ ಬೇಲಿ. ಒಳಗೆ ಸಾಲಾಗಿ ಮೂವತ್ತು ನಲವತ್ತು ಗೋರಿಗಳು. ಹೊರಗೆ ಇದ್ದವು ಎರಡೇ: ಸೇಂದಿ ಕುಡಿದು ಬಾವಿಗೆ ಬಿದ್ದವನದೊಂದು, ಇಬ್ಬರು ಹೆಂಡಿರನ್ನು ಇಟ್ಟುಕೊಂಡು ಕೊನೆವರೆಗೂ ಯಾರನ್ನೂ ಬಿಡದೆ ಸತ್ತವನದೊಂದು. ಮೂರನೆಯದು ಅಯ್ಯಪ್ಪನ ಅಕ್ಕ ಹುಸೇನಮ್ಮನದು ಆಗಬೇಕೆಂದು ಪಕೀರಪ್ಪ ಹೇಳುತ್ತಿದ್ದ. ಅವನು ಸಭೆಯ ಹಿರಿಯ, ಕೆಟ್ಟವನೇನೂ ಅಲ್ಲ. ಕಟ್ಟಳೆ ಎಂದರೆ ಕಟ್ಟಳೆ ಎನ್ನುವ ಜಾತಿಯ ಮನುಷ್ಯ, ಅಷ್ಟೆ.

ಲಿಂಗಸುಗೂರಿನಿಂದ ಸೈಕಲ್ ತುಳಿದುಕೊಂಡು ಬಂದಿದ್ದ ಸಭಾಪಾಲಕರು, ಜನ ಅವರನ್ನು ಅಯ್ಯನವರು ಎನ್ನುತ್ತಿದ್ದರು, ಧೋತರದ ಧೂಳು ಝಾಡಿಸಿಕೊಳ್ಳುತ್ತ ಹತ್ತಿರ ಬಂದರು.

"ಪಕೀರಪ್ಪ, ಆಕಿನ್ನ ಯಾಕ ನಿಲ್ಲಿಸಿದ್ರು? ನಾ ಬಂದು ಆರು ವರ್ಷ ಆತು. ಸಭಾದ ಪುಸ್ತಕದಾಗ 'ನಿಲ್ಲಿಸಲಾಗಿದೆ' ಅಂತ ಒಂದ ಮಾತು ಐತಿ. ಆಕಿನ್ನ ಕೇಳಿದ್ರ ಹೇಳಲಿಲ್ಲ."

"ಅದು ಎಲ್ಲರಿಗೂ ಗೊತ್ತಿದ್ದದ್ದ ರೀ. ಬಂಡಿ ದಾವಲ್‌ಸಾಬನ ಮನಿಗೆ ಹೋಗ್ತಿದ್ಳು, ನಸುಕಿನಾಗ."

"ಮತ್ತೇನು ಕಂಡ್ರು? ಕಂಡವರು ಯಾರು?"

ಪಕೀರಪ್ಪ ತಲೆ ಕೆರೆದುಕೊಂಡ. "ಕಂಡದ್ದು ಅಂದ್ರ... ಪ್ರಾರ್ಥನಿಯೊಳಗ ಬಂದ ಮಾತು ರೀ ಅದು."

"ಪ್ರಾರ್ಥನಿಯೊಳಗ!" ಎಂದರು ಅಯ್ಯನವರು. "ಸದ್ಯಕ್ಕ ಹಾರಿ ಕೆಳಗಿಡ್ರಿ. ಹೆಣ ಬರಲಿ, ಎಲ್ಲಾರ ಮುಂದ ಕೇಳ್ತೀನಿ. ಆ ಮಾತು ಸುಳ್ಳು ಅಂತ ಗೊತ್ತಿದ್ದವರು ಒಬ್ಬರರ ಹೇಳಿದ್ರ ಒಳಗ ತೋಡೋಣು. ಇಲ್ಲಂದ್ರ ಹಿರಿಯರು ಹೇಳಿದಂಗ ಆಗಲಿ."

ಗಟ್ಟಿ ನೆಲ ನೆನೆಸಲು ಕೊಡದಲ್ಲಿ ನೀರು ತಂದಿದ್ದ ಗಾಳೆಮ್ಮ ಅಲ್ಲೇ ನಿಂತಿದ್ದಳು. ಅವಳು ಪಕೀರಪ್ಪನ ಹೆಂಡತಿ. ಕೊಡ ಇಳಿಸುವುದನ್ನೂ ಮರೆತು, ಸೊಂಟ ನೋಯುವವರೆಗೂ ಹಾಗೇ ನಿಂತಳು. ಆಮೇಲೆ ನೀರನ್ನು ಅಲ್ಲೇ ಚೆಲ್ಲಿ, ಯಾರ ಮುಖವನ್ನೂ ನೋಡದೆ ಕೇರಿಯ ಕಡೆ ನಡೆದಳು. ಆ ಪ್ರಾರ್ಥನೆ ಮಾಡಿದವಳು ಅವಳೇ.

*

ಗಾಳೆಮ್ಮ ಪ್ರಾರ್ಥನೆಗೆ ನಿಂತಳೆಂದರೆ ಕೇರಿಯಲ್ಲಿ ಒಲೆಯ ಮೇಲಿನ ಬೇಳೆ ತಳ ಹಿಡಿಯುತ್ತಿತ್ತು. ಅಷ್ಟು ಉದ್ದ, ಅಷ್ಟು ಚೆಂದ. ಓದು ಬರಹ ಬಾರದ ಹೆಂಗಸು, ಆದರೆ ಕಣ್ಣು ಮುಚ್ಚಿದ ಕೂಡಲೆ ಅವಳ ಬಾಯಿಗೆ ಪುಸ್ತಕದ ಮಾತುಗಳು ಬರುತ್ತಿದ್ದವು. ಜ್ವರ ಬಂದವರು ಅವಳನ್ನು ಕರೆಸುತ್ತಿದ್ದರು, ಬಾಣಂತಿಯರು ಕರೆಸುತ್ತಿದ್ದರು, ಎತ್ತು ಕಳೆದುಕೊಂಡವರು ಕೂಡ ಕರೆಸುತ್ತಿದ್ದರು. ಹೀಗಿರುವಾಗ ಮಿಷನ್ನಿನವರು ಮನೆಮನೆಗೆ ಹೋಗಿ ಸತ್ಯವೇದ ಓದಿ ಹೇಳುವ ಕೆಲಸವನ್ನು ಗಾಳೆಮ್ಮನಿಗೆ ಕೊಡದೆ ಹುಸೇನಮ್ಮನಿಗೆ ಕೊಟ್ಟರು. ಹುಸೇನಮ್ಮ ವಿಧವೆ, ಮಾತು ಕಡಿಮೆ, ಪ್ರಾರ್ಥನೆ ಮಾಡೆಂದರೆ ನಾಲ್ಕು ಮಾತಿಗೆ ಮುಗಿಸುವವಳು. ಆದರೆ ಲಿಂಗಸುಗೂರಿನಲ್ಲಿ ಎರಡು ವರ್ಷ ಇದ್ದು ಓದಲು ಕಲಿತಿದ್ದಳು.

ಗಾಳೆಮ್ಮನಿಗೆ ಅದು ಚುಚ್ಚಿತು. ಚುಚ್ಚಿತೆಂದು ಅವಳು ತನಗೆ ತಾನೂ ಹೇಳಿಕೊಳ್ಳಲಿಲ್ಲ.

ಅದೇ ಚಳಿಗಾಲದಲ್ಲಿ ಒಂದು ನಸುಕಿಗೆ ಹಳ್ಳಕ್ಕೆ ಹೋಗಿದ್ದ ಗಾಳೆಮ್ಮ, ಹುಸೇನಮ್ಮ ತಲೆ ತುಂಬ ಸೆರಗು ಹೊದ್ದು ದಾವಲ್‌ಸಾಬನ ಹಿತ್ತಲ ಬಾಗಿಲಿನಿಂದ ಹೊರಬರುವುದನ್ನು ಕಂಡಳು. ನಾಲ್ಕು ದಿನ ಬಿಟ್ಟು ಮತ್ತೆ ಕಂಡಳು. ದಾವಲ್‌ಸಾಬ್ ಮಸ್ಕಿಯಿಂದ ಸಿಂಧನೂರಿಗೆ, ಲಿಂಗಸುಗೂರಿಗೆ ಬಾಡಿಗೆ ಬಂಡಿ ಹೊಡೆಯುವವನು. ಅವನ ಹೆಂಡತಿ ಸಕೀನಾಬೀ ವರ್ಷದಿಂದ ಹೊರಗೇ ಬಂದಿರಲಿಲ್ಲ. ಗೋಷೆ ಹಿಡಿದಿದ್ದಾಳೆ, ಮನೆ ಬಿಟ್ಟು ಬರುವುದಿಲ್ಲ ಎಂದು ಊರು ತಿಳಿದಿತ್ತು.

ಕಂಡದ್ದನ್ನು ಯಾರ ಮುಂದೆಯೂ ಹೇಳಬಾರದೆಂದೇ ಗಾಳೆಮ್ಮ ಮೊದಲು ಅಂದುಕೊಂಡಳು. ಚಾಡಿ ಹೇಳುವುದು ಪಾಪ ಎಂಬುದು ಅವಳಿಗೆ ಗೊತ್ತಿಲ್ಲದ್ದಲ್ಲ. ಎಷ್ಟೋ ಹೆಂಗಸರಿಗೆ ಅವಳೇ ಬುದ್ಧಿ ಹೇಳಿದ್ದಳು. ಆದರೆ ಬುಧವಾರ ಹೆಂಗಸರ ಕೂಟದಲ್ಲಿ ಪ್ರಾರ್ಥನೆಗೆ ನಿಂತಾಗ ಮಾತು ತಾನಾಗಿಯೇ ಹೊರಟಿತು.

"ಪರಲೋಕದ ತಂದೆಯೇ, ನಮ್ಮ ನಡುವಿನ ಒಬ್ಬ ಸಹೋದರಿಗಾಗಿ ಬೇಡುತ್ತೇನೆ. ನಿನ್ನ ವಾಕ್ಯವನ್ನು ಹಿಡಿದು ಮನೆಮನೆಗೆ ಹೋಗುವವಳು ಬೆಳಗಾಗುವ ಮೊದಲು ಯಾವ ಮನೆಯ ಹಿತ್ತಲ ಬಾಗಿಲಿನಿಂದ ಬರುತ್ತಾಳೆಂಬುದು ನಿನಗೆ ಮರೆಯಾಗಿಲ್ಲ. ಬಂಡಿಕಾರನ ಬಲೆಯಿಂದ ಆಕೆಯನ್ನು ಬಿಡಿಸು ಕರ್ತನೇ."

ಹದಿನಾಲ್ಕು ಹೆಂಗಸರು ಒಟ್ಟಿಗೆ ಆಮೆನ್ ಅಂದರು.

ಹೆಸರು ಹೇಳಿರಲಿಲ್ಲ, ನಿಜ. ಹೇಳುವ ಅಗತ್ಯವೂ ಇರಲಿಲ್ಲ. ಕಟ್ಟೆಯ ಮೇಲೆ ಕೂತು ಆಡಿದ ಮಾತಾಗಿದ್ದರೆ ಯಾರಾದರೂ "ನೀ ಕಂಡೀಯೇನು?" ಎಂದು ಕೇಳುತ್ತಿದ್ದರು. ದೇವರಿಗೆ ಹೇಳಿದ ಮಾತಿಗೆ ಎದುರು ಕೇಳುವವರು ಯಾರು? ಮೂರು ದಿನದಲ್ಲಿ ಅದು ಲಿಂಗಸುಗೂರು ಮುಟ್ಟಿತು. ಆಗ ಇದ್ದ ಹಳೆಯ ಅಯ್ಯನವರು ಹುಸೇನಮ್ಮನನ್ನು ಕರೆಸಿ, ಹಿರಿಯರ ಮುಂದೆ ನಿಲ್ಲಿಸಿ ಕೇಳಿದರು.

"ಹೋಗಿದ್ದು ಖರೆ ರೀ," ಎಂದಳು ಹುಸೇನಮ್ಮ.

"ಯಾಕ ಹೋಗಿದ್ದಿ?"

"ಅದನ್ನ ಹೇಳಾಕ ಬರೂದಿಲ್ಲ ರೀ. ಮಾತು ಕೊಟ್ಟೀನಿ."

ಕೆಲಸ ಹೋಯಿತು. ಚರ್ಚಿನಲ್ಲಿ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನದಿಂದ ನಿಲ್ಲಿಸಿದರು. ಅವಳ ಮಗಳು ಕರೆಮ್ಮನನ್ನು ಕೇಳಿಕೊಂಡು ಸಭೆಯ ಒಂದು ಮನೆಯವರೂ ಬರಲಿಲ್ಲ. ಕಡೆಗೆ ತನ್ನ ತಮ್ಮ ಅಯ್ಯಪ್ಪನಿಗೇ ಕೊಟ್ಟು, ಸಿಂಧನೂರಿನ ಆಚೆಯ ಅವನ ಹಳ್ಳಿಗೆ ಕಳಿಸಿದಳು. ಹನ್ನೊಂದು ವರ್ಷ ಹುಸೇನಮ್ಮ ಚರ್ಚಿನ ಬಾಗಿಲ ಬಳಿ ಕೂತಳು. ರೊಟ್ಟಿಯ ತಟ್ಟೆ ಬರುವ ಹೊತ್ತಿಗೆ ಎದ್ದು ಹೊರಗೆ ಹೋಗಿ, ಬೇವಿನ ಬುಡದಲ್ಲಿ ನಿಂತು, ಹಾಡು ಶುರುವಾದ ಮೇಲೆ ಒಳಗೆ ಬರುತ್ತಿದ್ದಳು.

*

ಸತ್ತ ಮನೆಯಲ್ಲಿ ಹೆಂಗಸರು ಹೆಣಕ್ಕೆ ನೀರು ಹಾಕುವುದು ಮುಗಿದಿತ್ತು. ಕರೆಮ್ಮ ತಾಯಿಯ ಕೂದಲು ಬಾಚುತ್ತಿದ್ದಳು. ಅಳುತ್ತಿರಲಿಲ್ಲ. ಗಾಳೆಮ್ಮ ಒಳಗೆ ಬಂದಾಗ ಒಮ್ಮೆ ತಲೆ ಎತ್ತಿ ನೋಡಿ ಮತ್ತೆ ಬಾಚತೊಡಗಿದಳು.

"ಬಾ ಗಾಳವ್ವ, ಛಲೋ ಆತು ಬಂದಿ," ಎಂದು ಮುದುಕಿ ಅಮರಮ್ಮ ಜಾಗ ಬಿಟ್ಟಳು. "ಎತ್ತೂ ಮೊದಲು ಒಂದು ಪ್ರಾರ್ಥನಿ ಮಾಡಿಬಿಡು. ನೀ ಮಾಡಿದ್ರ ಮನಸ್ಸಿಗೆ ಹಗೂರ ಅನಸ್ತೈತಿ."

"ನೀನ ಮಾಡು ಯಕ್ಕಾ. ನನಗ ಗಂಟಲು ಕಟ್ಟೈತಿ."

"ಏನರ ಅನ್ನಲಿ," ಅಮರಮ್ಮ ದನಿ ತಗ್ಗಿಸಿದಳು, "ನನ್ನ ಸೊಸಿ ಹೆರಿಗಿಗೆ ಮೂರು ದಿನ ನಿದ್ದಿ ಇಲ್ಲದ ಕುಂತಿದ್ಳು ಈಕಿ. ಅಂಥಾಕಿ ಆ ಬಂಡಿಯವನ ಸಂಗಾಟ..."

"ಸುಮ್ಮನಿರು ಯಕ್ಕಾ!" ಗಾಳೆಮ್ಮನ ದನಿ ಅಷ್ಟು ಜೋರಾಗಿ ಬಂತೆಂದು ಅವಳಿಗೇ ಗೊತ್ತಾಗಲಿಲ್ಲ. ಹೆಂಗಸರೆಲ್ಲ ತಿರುಗಿ ನೋಡಿದರು. ಅವಳು ಎದ್ದು ಹಿತ್ತಲಿಗೆ ಹೋದಳು.

ಹಿತ್ತಲ ಗೋಡೆಯ ಆಚೆ ದಾವಲ್‌ಸಾಬ್ ನಿಂತಿದ್ದ. ಗಡ್ಡವೆಲ್ಲ ಬೆಳ್ಳಗಾಗಿತ್ತು. ಒಳಗೆ ಬರಲು ಧೈರ್ಯವಿಲ್ಲ, ಹೋಗಲು ಮನಸ್ಸಿಲ್ಲ ಎಂಬಂತೆ ಎಷ್ಟು ಹೊತ್ತಿನಿಂದ ಅಲ್ಲಿದ್ದನೋ.

"ಗಾಳೆಮ್ಮಕ್ಕ, ಬೇಲಿ ಹೊರಗ ಹಾಕ್ತಾರಂತ ಖಬರ್ ಬಂತು. ಖರೇನ?"

ಗಾಳೆಮ್ಮ ಸೆರಗು ಸರಿಮಾಡಿಕೊಂಡು ಗೋಡೆಯ ಹತ್ತಿರ ಬಂದಳು.

"ನಿಮಗ ಗೊತ್ತೈತಿ. ಅವತ್ತು ನಮ್ಮ ಮನ್ಯಾಗ ನೀವು ಪರದಿ ಸರಿಸಿದ್ದನ್ನ ನಾ ನೋಡೀನಿ."

"ನೀವ ಬಂದು ಹೇಳ್ರಲಾ," ಎಂದಳು ಗಾಳೆಮ್ಮ. ಹೇಳಿದ ಮೇಲೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು.

"ನಾ ಹೇಳಿದ್ರ ಏನಂತಾರ? ನೋಡ್ರಿ, ಸತ್ತ ಮ್ಯಾಲೂ ಮಿಂಡ ಬಂದು ವಕಾಲತ್ತು ಮಾಡ್ತಾನ ಅಂತಾರ. ಆಕಿ ಇಜ್ಜತ್ ಇನ್ನಷ್ಟು ಹೋಗತೈತಿ. ಹನ್ನೊಂದು ವರ್ಷ ಆಕಿ ಬಾಯಿ ಮುಚ್ಚಿಕೊಂಡು ಕುಂತದ್ದು ನಮ್ಮ ಮನಿ ಸಲುವಾಗಿ. ಈಗ ನನ್ನ ಮಗಳ ನಿಖಾ ಆಗಿ ಎರಡು ಮಕ್ಕಳಾಗ್ಯಾವ. ಇನ್ನ ಮುಚ್ಚೂದು ಏನೂ ಇಲ್ಲ ನನಗ. ನೀವು ಹೇಳ್ರಿ. ನಿಮ್ಮ ಮಾತು ನಂಬತಾರ."

ನಿಮ್ಮ ಮಾತು ನಂಬುತ್ತಾರೆ. ಹೌದು, ಯಾವಾಗಲೂ ನಂಬಿದ್ದರು.

*

ಆ ಪ್ರಾರ್ಥನೆಯಾಗಿ ಎರಡು ವರ್ಷಕ್ಕೆ ಸಕೀನಾಬೀ ಸತ್ತಿದ್ದಳು. ಊರಿನ ಹೆಂಗಸರ ಜೊತೆ ಗಾಳೆಮ್ಮನೂ ಸಾವಿನ ಮನೆಗೆ ಹೋಗಿದ್ದಳು. ಮನೆಯವರನ್ನು ಮಾತಾಡಿಸಿ ಬರುವುದಷ್ಟೇ ಅಲ್ಲ, ಆ ಮನೆಯ ಒಳಗು ಹೇಗಿದೆ ನೋಡೋಣ ಎಂಬ ಚಪಲವೂ ಇತ್ತು. ಉಳಿದ ಹೆಂಗಸರೆಲ್ಲ ಅಂಗಳಕ್ಕೆ ಹೊರಟ ಮೇಲೂ ಅವಳೊಬ್ಬಳು ಹಿಂದೆ ಉಳಿದಳು. ಹೆಣವನ್ನು ಯಾರಿಗೂ ತೋರಿಸದೆ ಇಟ್ಟಿದ್ದ ಒಳಕೋಣೆಯ ಪರದೆ ಸರಿಸಿದಳು.

ಸಕೀನಾಬೀಯ ಕೈ ಚಾದರದ ಹೊರಗೆ ಬಿದ್ದಿತ್ತು. ಅದಕ್ಕೆ ಬೆರಳುಗಳಿರಲಿಲ್ಲ. ಹುಸೇನಮ್ಮ ಪಕ್ಕದಲ್ಲಿ ಕೂತು ಆ ಮೊಂಡುಗೈಯ ಮೇಲಿನ ಬಟ್ಟೆಯ ಪಟ್ಟಿಯನ್ನು ಮೆಲ್ಲಗೆ ಬಿಚ್ಚುತ್ತಿದ್ದಳು. ಮೂಲೆಯಲ್ಲಿ ಮಿಷನ್ ದವಾಖಾನೆಯ ಎಣ್ಣೆಯ ಶೀಸೆಗಳು. ಕುಷ್ಠ. ಊರಿನ ಬಾಯಲ್ಲಿ ಅದು ದೊಡ್ಡ ರೋಗ. ಗೊತ್ತಾಗಿದ್ದರೆ ದಾವಲ್‌ಸಾಬನ ಬಂಡಿಯನ್ನು ಒಬ್ಬರೂ ಹತ್ತುತ್ತಿರಲಿಲ್ಲ, ಅವನ ಮಗಳನ್ನು ಒಬ್ಬರೂ ಸೊಸೆಯಾಗಿ ತರುತ್ತಿರಲಿಲ್ಲ, ಸಕೀನಾಬೀಯನ್ನು ಊರ ಹೊರಗೆ ಅಟ್ಟುತ್ತಿದ್ದರು.

ಹುಸೇನಮ್ಮ ತಲೆ ಎತ್ತಿ ನೋಡಿದಳು. ಬೈಯಲಿಲ್ಲ. "ಪರದಿ ಇಳಿಬಿಡು ಗಾಳವ್ವ, ಹೊರಗ ಜನ ಅದಾರ," ಎಂದಳು, ಅಷ್ಟೆ.

ಮುಂದಿನ ಬುಧವಾರವೇ ಕೂಟದಲ್ಲಿ ಹೇಳಿಬಿಡಬೇಕೆಂದು ಗಾಳೆಮ್ಮ ಅಂದುಕೊಂಡಳು. ಆ ಬುಧವಾರ ಹೊಸಬರು ಇಬ್ಬರು ಬಂದಿದ್ದರು, ಆಗಲಿಲ್ಲ. ಇನ್ನೊಂದು ಬುಧವಾರ ಗಂಡನಿಗೆ ಹಿರಿಯನ ಪದವಿ ಸಿಕ್ಕಿತ್ತು, ಆಗಲಿಲ್ಲ. ದಾವಲ್‌ಸಾಬನ ಗುಟ್ಟು ಒಡೆಯಬಾರದಲ್ಲ ಎಂಬ ನೆಪವೂ ಸಿಕ್ಕಿತು. ಅದು ಬಹಳ ಅನುಕೂಲದ ನೆಪ. ಗುಟ್ಟು ಒಡೆಯದೆಯೇ "ನಾನು ಆಡಿದ್ದು ತಪ್ಪು" ಎಂದು ಒಂದು ಮಾತು ಹೇಳಬಹುದಿತ್ತು. ಆ ಒಂದು ಮಾತಿಗೆ ಒಂಬತ್ತು ವರ್ಷವಾಯಿತು. ಮೊನ್ನೆ ಹುಸೇನಮ್ಮನಿಗೆ ಜ್ವರ ಬಂದಾಗ ಪ್ರಾರ್ಥನೆ ಮಾಡಲು ಹೋಗೋಣವೆಂದು ಹೊಸ್ತಿಲವರೆಗೂ ಹೋಗಿ, ಒಳಗಿನ ಕೆಮ್ಮು ಕೇಳಿ ಹಿಂದಿರುಗಿದ್ದಳು.

*

ಹೆಣವನ್ನು ಬೇಲಿಯ ಬಾಗಿಲಿನ ಬಳಿ, ಒಳಗೂ ಅಲ್ಲ ಹೊರಗೂ ಅಲ್ಲ ಎಂಬಂತೆ ಇಳಿಸಿದರು. ಬಿಸಿಲು ನೆತ್ತಿಗೆ ಬಂದಿತ್ತು. ಅಯ್ಯಪ್ಪ ಹಾರೆ ಹಿಡಿದು ಎಲ್ಲರ ಮುಖವನ್ನೂ ನೋಡುತ್ತಿದ್ದ. ಸ್ವಲ್ಪ ದೂರದಲ್ಲಿ, ಬೇಲಿಯ ಹೊರಗೆ, ದಾವಲ್‌ಸಾಬ್ ನಿಂತಿದ್ದ.

ಅಯ್ಯನವರು ಪುಸ್ತಕವನ್ನು ಕಂಕುಳಿಗೆ ಸೇರಿಸಿ ಕೇಳಿದರು. "ಈ ತಾಯಿ ಮ್ಯಾಲ ಒಂದು ಮಾತು ಐತಿ. ಅದು ಖರೇನೋ ಸುಳ್ಳೋ ಗೊತ್ತಿದ್ದವರು ಈಗ ಹೇಳ್ರಿ. ಮಣ್ಣು ಹಾಕಿದ ಮ್ಯಾಲ ಹೇಳಿ ಉಪಯೋಗ ಇಲ್ಲ."

ಜನ ಒಬ್ಬರನ್ನೊಬ್ಬರು ನೋಡಿದರು. ಪಕೀರಪ್ಪ ಸ್ವಲ್ಪ ಹೊತ್ತು ಕಾದು, "ಯಾರೂ ಇಲ್ಲ ರೀ," ಎಂದ. ಬೇಲಿಯ ಹೊರಗಿನ ನೆಲ ತೋರಿಸಿದ. ಅವನ ದನಿಯಲ್ಲಿ ಸಂತೋಷವೇನೂ ಇರಲಿಲ್ಲ.

"ಹಂಗಾರ ಎಲ್ಲಿ ಇಟ್ರೂ ಪ್ರಾರ್ಥನಿ ಮಾಡೇ ಇಡೋಣು," ಎಂದರು ಅಯ್ಯನವರು. "ಗಾಳೆಮ್ಮ, ನೀವು ಮಾಡ್ರಿ."

ಗಾಳೆಮ್ಮ ಮುಂದೆ ಬಂದಳು. ಕಣ್ಣು ಮುಚ್ಚಿದಳು.

"ಪರಲೋಕದ ತಂದೆಯೇ, ಪಾಪಿಯಾದ ನಿನ್ನ ದಾಸಿ ತಿಳಿಯದೆ ಆಡಿದ ಮಾತಿನಿಂದ ಈ ಸಹೋದರಿಯ..."

"ಹೌದು ಕರ್ತನೇ," ಎಂದು ಹಿಂದೆ ಯಾರೋ ನಿಟ್ಟುಸಿರು ಬಿಟ್ಟರು. ಇನ್ನೊಬ್ಬಳು ಬಿಕ್ಕಿದಳು.

ತಿಳಿಯದೆ. ಆ ಮಾತು ಎಲ್ಲಿಂದ ಬಂತು? ತಾನಾಗಿಯೇ ಬಂದಿತ್ತು, ಚೆಂದವಾಗಿ, ಅದರ ಜಾಗಕ್ಕೆ ಸರಿಯಾಗಿ. ಹೀಗೇ ಮುಂದುವರಿದರೆ ಇದೊಂದು ಒಳ್ಳೆಯ ಪ್ರಾರ್ಥನೆಯಾಗುತ್ತದೆ, ಎಲ್ಲರೂ ಕಣ್ಣೊರೆಸಿಕೊಂಡು ಆಮೆನ್ ಅನ್ನುತ್ತಾರೆ, ಗಾಳವ್ವ ಎಷ್ಟು ಚೆಂದ ಪ್ರಾರ್ಥನೆ ಮಾಡಿದಳೆಂದು ಹೊಗಳುತ್ತಾರೆ, ಹುಸೇನಮ್ಮ ಬೇಲಿಯ ಹೊರಗೆ ಹೋಗುತ್ತಾಳೆ. ಗಾಳೆಮ್ಮನಿಗೆ ತನ್ನ ನಾಲಿಗೆಯ ಮೇಲೆ ಭಯ ಹುಟ್ಟಿತು. ಜನ್ಮದಲ್ಲಿ ಮೊದಲ ಸಲ ಅವಳು ಪ್ರಾರ್ಥನೆಯನ್ನು ನಡುವೆಯೇ ಬಿಟ್ಟಳು. ತಿರುಗಿ ಕರೆಮ್ಮನ ಎದುರು ನಿಂತಳು.

"ಕರೆಮ್ಮ, ನಿಮ್ಮವ್ವ ಆ ಮನಿಗೆ ಹೋಗ್ತಿದ್ದದ್ದು ಸಕೀನಾಬೀ ಹುಣ್ಣು ತೊಳಿಯಾಕ. ಸಕೀನಾಬೀಗೆ ದೊಡ್ಡ ರೋಗ ಇತ್ತು. ನಾ ಹೊಟ್ಟಿಕಿಚ್ಚಿಗೆ ಬ್ಯಾರೆ ಮಾತು ಎತ್ತಿದೆ, ಅದೂ ದೇವರ ಮುಂದ ನಿಂತು. ಒಂಬತ್ತು ವರ್ಷದಿಂದ ನನಗ ಖರೆ ಗೊತ್ತೈತಿ. ಕಣ್ಣಾರೆ ನೋಡೀನಿ. ಬಾಯಿ ಬಿಡಲಿಲ್ಲ."

"ಏ ಗಾಳಿ," ಪಕೀರಪ್ಪ ಅವಳ ರಟ್ಟೆ ಹಿಡಿದ. "ಬಿಸಲಿಗೆ ತಲಿ ತಿರಗೈತೇನು ನಿನಗ? ಸುಮ್ಮನಿರು."

"ಸುಮ್ಮನ ಇದ್ದದ್ದ ತಪ್ಪಾತು. ಬಿಡ್ರಿ ಕೈ."

ಬೇಲಿಯ ಆಚೆಯಿಂದ ದಾವಲ್‌ಸಾಬ್ ಹೇಳಿದ, "ಆಕಿ ಹೇಳಿದ್ದು ಖರೆ ಐತ್ರಿ. ಅಲ್ಲಾನ ಆಣಿ." ಹೇಳಿದವನೇ ರುಮಾಲಿನ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತುಬಿಟ್ಟ.

ಅಮರಮ್ಮ "ಅಯ್ಯ ದೇವರೇ" ಎಂದು ನೆಲಕ್ಕೆ ಕೂತಳು. ಪಕೀರಪ್ಪನ ಕೈ ಹೆಂಡತಿಯ ರಟ್ಟೆಯಿಂದ ತಾನಾಗಿಯೇ ಜಾರಿತು. ಕರೆಮ್ಮ ಮಾತ್ರ ಇದ್ದ ಹಾಗೆಯೇ ಇದ್ದಳು.

"ನಿನಗ ಗೊತ್ತೈತಿ ಅಂತ ಅವ್ವಗ ಗೊತ್ತಿತ್ತು ದೊಡ್ಡವ್ವ," ಎಂದಳು. ಜೋರಾಗಿ ಅಲ್ಲ. "ನಾ ತವರಿಗೆ ಬಂದಾಗೆಲ್ಲ ನೋಡ್ತಿದ್ದೆ. ಭೋಜನದ ಐತವಾರ ಬಂತಂದ್ರ ತಲಿ ತೊಳಕೊಂಡು, ಬಿಳಿ ಸೀರಿ ಉಟಗೊಂಡು ಹೋಗ್ತಿದ್ಳು. ಇವತ್ತು ಗಾಳವ್ವ ಹೇಳ್ತಾಳ, ನನ್ನ ಒಳಗ ಕರೀತಾರ ಅಂತ. ಮನಿಗೆ ಬಂದು ಸೀರಿ ಮಡಚಿ ಇಡ್ತಿದ್ಳು. ಮುಂದಿನ ಸಲ ಹೇಳ್ತಾಳ ತಗೋ, ಅಂತಿದ್ಳು. ನಾ ಹೋಗಿ ಜಗಳಾ ತಗೀತೀನಿ ಅಂದ್ರ ಬಿಡಲಿಲ್ಲ. ಬ್ಯಾಡ, ಅಕಿ ಬಾಯಿಲೆ ಬರಬೇಕು, ನಾವು ಹೇಳಿದ್ರ ಅಕಿ ಹೆಸರು ಕೆಡತೈತಿ ಅಂದ್ಳು."

ಗಾಳೆಮ್ಮ ಬಾಯಿ ತೆರೆದಳು. ಇಷ್ಟು ವರ್ಷ ಎಂದೂ ಕೈಕೊಡದ ಮಾತುಗಳು ಒಂದೂ ಬರಲಿಲ್ಲ. "ತಪ್ಪಾತವ್ವ," ಎಂದಳು.

"ನನ್ನ ಕೇಳಬ್ಯಾಡ," ಎಂದಳು ಕರೆಮ್ಮ. "ಅದು ನನ್ನ ಕೈಯಾಗ ಇಲ್ಲ."

ಅಯ್ಯನವರು ಅಯ್ಯಪ್ಪನ ಕಡೆ ತಿರುಗಿ ತಲೆಯಾಡಿಸಿದರು. ಅಯ್ಯಪ್ಪ ಬೇಲಿಯೊಳಗೆ ಹೋಗಿ ಹಾರೆ ಹಾಕಿದ. ಬಿಸಿಲಿಗೆ ಒಣಗಿದ ಎರೆ, ಮೊದಲ ಏಟಿಗೆ ಬರೀ ಸದ್ದು ಬಂತು. ಒಬ್ಬೊಬ್ಬರಾಗಿ ಗಂಡಸರು ಸೇರಿದರು. ಪಕೀರಪ್ಪ ಬಹಳ ಹೊತ್ತು ದೂರ ನಿಂತಿದ್ದು, ಆಮೇಲೆ ಅಂಗಿ ಕಳಚಿ ಮಣ್ಣು ಎತ್ತಲು ಕುಣಿಗೆ ಇಳಿದ. ಹೆಂಡತಿಯ ಕಡೆ ನೋಡಲಿಲ್ಲ. ಹೆಂಗಸರು ಬೇಲಿಯ ಬದಿಗಿದ್ದ ಒಂದು ಬೇವಿನ ನೆರಳಿಗೆ ಹೋಗಿ ಕೂತರು. ಗಾಳೆಮ್ಮನ ಬಳಿ ಯಾರೂ ಕೂರಲಿಲ್ಲ, ಅವಳೂ ಯಾರ ಬಳಿಗೂ ಹೋಗಲಿಲ್ಲ.

ಹೊತ್ತು ಇಳಿಮುಖವಾದಾಗ ಹುಸೇನಮ್ಮನನ್ನು ಇಳಿಸಿದರು. ಎಲ್ಲರೂ ಹಿಡಿ ಹಿಡಿ ಮಣ್ಣು ಹಾಕಿದರು. ದಾವಲ್‌ಸಾಬನನ್ನು ಅಯ್ಯನವರೇ ಒಳಗೆ ಕರೆದರು, ಅವನೂ ಹಾಕಿದ. ಕೊನೆಗೆ ಗಾಳೆಮ್ಮ ಹಾಕಿದಳು.

"ಪ್ರಾರ್ಥನೆ ಮಾಡೋಣ," ಎಂದರು ಅಯ್ಯನವರು. ಹಳೆಯ ಅಭ್ಯಾಸದಿಂದ ಒಂದಿಬ್ಬರು ಗಾಳೆಮ್ಮನ ಕಡೆ ನೋಡಿ, ನೆನಪಾಗಿ, ಮುಖ ತಿರುಗಿಸಿದರು. ಅಯ್ಯನವರೇ ಶುರುಮಾಡಿದರು. ಗಂಡಸರು ರುಮಾಲು ತೆಗೆದು ತಲೆ ಬಾಗಿಸಿದರು, ಹೆಂಗಸರು ಸೆರಗು ಹೊದ್ದರು, ಕುಣಿಯ ಸುತ್ತ ನಿಂತವರೆಲ್ಲ ಕಣ್ಣು ಮುಚ್ಚಿದರು.

ಗಾಳೆಮ್ಮನಿಗೆ ಮುಚ್ಚಲಾಗಲಿಲ್ಲ. ಎದುರಿಗೆ, ಹೊಸ ಮಣ್ಣಿನ ಆಚೆ ಬದಿಯಲ್ಲಿ, ಕರೆಮ್ಮನೂ ಮುಚ್ಚಿರಲಿಲ್ಲ. ಅಷ್ಟು ಜನರ ನಡುವೆ ಅವರಿಬ್ಬರೇ ಕಣ್ಣು ಬಿಟ್ಟುಕೊಂಡು, ಪ್ರಾರ್ಥನೆ ಮುಗಿಯುವವರೆಗೂ ಒಬ್ಬರನ್ನೊಬ್ಬರು ನೋಡುತ್ತ ನಿಂತರು. ಎಲ್ಲರೂ ಆಮೆನ್ ಅಂದರು. ಅವರಿಬ್ಬರು ಅನ್ನಲಿಲ್ಲ.